ಸಂಪಾದಕರ ಉತ್ತರ: ಕೊಳೆ ಬಂದ ಮೇಲೂ ತೋಟಕ್ಕೆ ಹೋಗುತ್ತೇವಲ್ಲ

ಹೊಸನಗರ ಕಡೆಯ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ನಿವೃತ್ತ ಮೇಷ್ಟ್ರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಊರಿನ ಸಂಘದಲ್ಲಿ ಮೂರು ಲಕ್ಷ ರೂಪಾಯಿ ಕೂಡಿದೆಯಂತೆ. ಅದನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕೊಡೋಣ ಅಂತ ಹುಡುಗರು, ಬೇಡ ಅಂತ ಇವರು. ಪತ್ರದ ಮುಖ್ಯ ಭಾಗ ಇಷ್ಟು:

"ಆಸ್ಪತ್ರೆಗೆ ಹಾಕುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮಗು ಕಾಯಿಲೆ ಬೀಳದ ಹಾಗೆ ನೋಡಿಕೊಳ್ಳುವುದೇ ಅಗ್ಗ. ಲಸಿಕೆ, ಶುದ್ಧ ನೀರು, ಮೊಟ್ಟೆ, ಹಾಲು. ಅಡಿಕೆಗೆ ಕೊಳೆ ಬರುವ ಮೊದಲೇ ಮೈಲುತುತ್ತ ಹೊಡೆಯುತ್ತೇವೆ. ಬಂದ ಮೇಲೆ ಹೊಡೆದು ಏನು ಪ್ರಯೋಜನ? ಬಡ ದೇಶಗಳಲ್ಲಿ ಆಸ್ಪತ್ರೆ ಸುಧಾರಿಸಿ ಮಕ್ಕಳನ್ನು ಉಳಿಸಿದ್ದಕ್ಕೆ ಲೆಕ್ಕ ಅಂತ ಏನಾದರೂ ಇದೆಯಾ? ಇದ್ದರೆ ತೋರಿಸಿ. ನಮ್ಮ ಹುಡುಗರಂತೂ ವೆಂಟಿಲೇಟರ್ ವೆಂಟಿಲೇಟರ್ ಅಂತ ಹಠ ಹಿಡಿದು ಕೂತಿದ್ದಾರೆ."

ಮೇಷ್ಟ್ರೇ, ಮೊದಲು ನಿಮ್ಮ ಅಡಿಕೆಯಿಂದಲೇ ಶುರು ಮಾಡುತ್ತೇನೆ. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವುದನ್ನು ನಮ್ಮ ಅಜ್ಜಂದಿರಿಗೆ ಕಲಿಸಿದ್ದರಲ್ಲಿ ಲೆಸ್ಲಿ ಕೋಲ್ಮನ್ ಅವರ ಪಾಲು ದೊಡ್ಡದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದುಕೊಂಡು 1910ರ ಹೊತ್ತಿಗೇ ಕೊಳೆರೋಗದ ಬೆನ್ನು ಹತ್ತಿದವರು ಅವರು. ಅಂದಿನಿಂದ ಇಂದಿನವರೆಗೂ ಹೊಡೆಯುತ್ತಲೇ ಇದ್ದೇವೆ. ಆದರೂ ಜೋರು ಮಳೆಗಾಲದಲ್ಲಿ ಕೊಳೆ ಬಂದೇ ಬರುತ್ತದೆ. ಬಂದಾಗ ನೀವು ಏನು ಮಾಡುತ್ತೀರಿ? ಹೊಡೆಯುವುದು ಹೊಡೆದಾಯಿತು ಅಂತ ಜಗಲಿಯಲ್ಲಿ ಕೂರುತ್ತೀರಾ? ಉದುರಿದ ಕಾಯಿ ಹೆಕ್ಕಿ ಹೊರಗೆ ಹಾಕುತ್ತೀರಿ, ಮಳೆ ಹೊಳವಾದ ಎರಡು ತಾಸು ನೋಡಿಕೊಂಡು ಇನ್ನೊಮ್ಮೆ ಮರ ಹತ್ತಿಸುತ್ತೀರಿ. ನನ್ನ ಉತ್ತರದ ಅರ್ಧ ಭಾಗ ಇಲ್ಲೇ ಇದೆ. ಉಳಿದರ್ಧಕ್ಕೆ ಸ್ವಲ್ಪ ದೂರ ಹೋಗಿ ಬರಬೇಕು.

ಹೋಗುವ ಮುಂಚೆ ನಮ್ಮ ಮನೆಯದೇ ಒಂದು ಕತೆ. ಸುಮಾರು ಹನ್ನೊಂದು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದು ಕೂತಿತ್ತು. ತಂಗಿಯ ಮಗ ಒಂಬತ್ತು ತಿಂಗಳ ಕೂಸು. ಎರಡು ದಿನ ಸುಮ್ನೆ ನೆಗಡಿ ಅಂತಿದ್ದೆವು. ಮೂರನೇ ದಿನ ಸಂಜೆಗೆ ಹಾಲು ಬಿಟ್ಟ. ಜೀಪು ಮಾಡಿಕೊಂಡು ಹೋದೆವು. ಯಾವ ಆಸ್ಪತ್ರೆ ಅನ್ನುವುದು ಬೇಡ. ಚೀಟಿ ಮಾಡಿಸಲು ಹತ್ತಿಪ್ಪತ್ತು ಜನರ ಸಾಲು. ನಾನು ಸಾಲಿನಲ್ಲಿ, ತಂಗಿ ಬೆಂಚಿನ ಮೇಲೆ. ಡ್ಯೂಟಿ ಮುಗಿಸಿ ಛತ್ರಿ ಬಿಡಿಸುತ್ತಾ ಹೊರಟಿದ್ದ ಒಬ್ಬ ಸಿಸ್ಟರ್ ಯಾಕೋ ನಿಂತರು. ಕೂಸಿನ ಮೇಲಿದ್ದ ಶಾಲು ಸರಿಸಿದರು, ಅಂಗಿ ಎತ್ತಿದರು. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ಗೋಡೆ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದರು. ಅರವತ್ತನಾಲ್ಕು. "ಚೀಟಿ ಆಮೇಲೆ ಮಾಡಿಸಿ, ಬನ್ನಿ" ಅಂತ ಕೂಸನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡು ಒಳಗೆ ನಡೆದರು.

ಒಳಗೆ ಇನ್ನೊಂದು ಪ್ರಹಸನ. ಆಕ್ಸಿಜನ್ ಸಿಲಿಂಡರ್ ಇತ್ತು, ತುಂಬಿಯೂ ಇತ್ತು. ಅದನ್ನು ತೆರೆಯುವ ಕೀ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಇದ್ದವರು ಮನೆಗೆ ಹೋಗಿದ್ದರು. ಅಷ್ಟು ಹೊತ್ತಿಗೆ ಕರೆಂಟೂ ಹೋಯಿತು. ಕೊನೆಗೆ ನಮ್ಮ ಜೀಪಿನ ಡ್ರೈವರು ತನ್ನ ಸ್ಪ್ಯಾನರ್ ತಂದು ಸಿಲಿಂಡರ್ ತೆರೆದ. ಹುಡುಗ ಈಗ ಹೈಸ್ಕೂಲಿನ ಹೊಸಿಲಲ್ಲಿದ್ದಾನೆ, ದಿನಾ ಒಂದು ಗಂಟೆ ಕ್ರಿಕೆಟ್ ಆಡಿ ಬೈಸಿಕೊಳ್ಳುತ್ತಾನೆ.

ಅವನನ್ನು ಉಳಿಸಿದ್ದು ಏನು ಅಂತ ಲೆಕ್ಕ ಹಾಕಿ ನೋಡಿ. ಕಟ್ಟಡ ಮೊದಲೇ ಇತ್ತು. ಡಾಕ್ಟರ ಸಂಬಳ ಸರ್ಕಾರ ಕೊಡುತ್ತಿತ್ತು. ಸಿಲಿಂಡರ್ ಬಂದು ಮೂಲೆಯಲ್ಲಿ ನಿಂತಿತ್ತು. ಲಕ್ಷ ಲಕ್ಷದ ಖರ್ಚೆಲ್ಲ ಆಗಿಹೋಗಿತ್ತು. ಇಲ್ಲದೇ ಇದ್ದದ್ದು ಎರಡೇ. ಸಾಲಿನಲ್ಲಿ ಯಾರಿಗೆ ಜೀವ ಹೋಗುತ್ತಿದೆ ಅಂತ ನೋಡುವ ಒಂದು ಕಣ್ಣು, ಮತ್ತೆ ಕೈಗೆ ಸಿಗುವ ಜಾಗದಲ್ಲಿ ಒಂದು ಕೀ. ಮೊದಲನೆಯದು ಅದೃಷ್ಟಕ್ಕೆ ಸಿಕ್ಕಿತು. ಎರಡನೆಯದು ಜೀಪಿನಲ್ಲಿ ಸಿಕ್ಕಿತು.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2001ರಲ್ಲಿ ಏಳು ಬಡ ದೇಶಗಳ 21 ಆಸ್ಪತ್ರೆಗಳಲ್ಲಿ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವ ಅಧ್ಯಯನವೊಂದು ಹೊರಬಂತು. ಬಾಂಗ್ಲಾದೇಶ, ಇಥಿಯೋಪಿಯಾ, ಉಗಾಂಡ ಎಲ್ಲ ಅದರಲ್ಲಿದ್ದವು. ನೋಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆ್ಯಂಟಿಬಯೋಟಿಕ್ಕೋ ಆಕ್ಸಿಜನ್ನೋ ಆಹಾರವೋ ಡ್ರಿಪ್ಪೋ, ಯಾವುದಾದರೊಂದು ಸರಿಯಾಗಿ ಸಿಕ್ಕಿರಲಿಲ್ಲ. ಆಸ್ಪತ್ರೆಗೆ ಬಂದೂ ಸಿಕ್ಕಿರಲಿಲ್ಲ, ಅಲ್ವಾ, ಅದು ಮುಖ್ಯ.

ಮಲಾವಿ ದೇಶದ ಬ್ಲಾಂಟೈರ್ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಇದನ್ನೇ ಮೊದಲು ಸರಿಮಾಡಿದರು. ಎಲಿಜಬೆತ್ ಮಾಲಿನೂ ಅನ್ನುವ ಮಕ್ಕಳ ಡಾಕ್ಟರು ಮತ್ತವರ ಜೊತೆಯವರು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಬಾಗಿಲಲ್ಲೇ ಮಕ್ಕಳನ್ನು ಮೂರು ಪಾಲು ಮಾಡುವುದು. ಈ ಕ್ಷಣ ನೋಡಬೇಕಾದವರು, ಬೇಗ ನೋಡಬೇಕಾದವರು, ಸಾಲಿನಲ್ಲಿ ಕಾಯಬಹುದಾದವರು. ಅದಕ್ಕೆ ತಕ್ಕ ಹಾಗೆ ಕೋಣೆಗಳನ್ನು ಬದಲಿಸಿದರು, ಸಿಬ್ಬಂದಿಗೆ ಕಲಿಸಿದರು. ಅದಕ್ಕೂ ಮುಂಚೆ ದಾಖಲಾದ ನೂರು ಮಕ್ಕಳಲ್ಲಿ 10ರಿಂದ 18 ಮಕ್ಕಳು ಸಾಯುತ್ತಿದ್ದರು. ಆಮೇಲೆ ಅದು 6ರಿಂದ 8ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಸಾಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ಸಾಯುವುದು ಬಂದ ಮೊದಲ ದಿನದೊಳಗೆ. ಹಾಗಾಗಿ ಬಾಗಿಲ ಬಳಿ ಉಳಿಸಿದ ಅರ್ಧ ಗಂಟೆಗೆ ಅಷ್ಟು ಬೆಲೆ.

ಈಗ ನೀವು ಕೇಳಿದ ದುಡ್ಡಿನ ಲೆಕ್ಕ. ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಪಪುವಾ ನ್ಯೂಗಿನಿಯದು. ಯಾಕೆಂದರೆ ಅದು ನಮ್ಮಂತೆಯೇ ಗುಡ್ಡ, ಮಳೆ, ಕೆಟ್ಟ ರಸ್ತೆಯ ದೇಶ. ಅಲ್ಲಿ ಸಿಲಿಂಡರ್ ಹೊತ್ತು ತರುವುದೇ ದೊಡ್ಡ ಖರ್ಚು. ಟ್ರೆವರ್ ಡ್ಯೂಕ್ ಅನ್ನುವ ಡಾಕ್ಟರ ತಂಡ ಅಲ್ಲಿನ ಐದು ಆಸ್ಪತ್ರೆಗಳಿಗೆ ಎರಡು ವಸ್ತು ಕೊಟ್ಟಿತು. ಒಂದು ಆಕ್ಸಿಜನ್ ಕಾನ್ಸಂಟ್ರೇಟರ್. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರ ನೈಟ್ರೋಜನ್ ಸೋಸಿ, ಆಕ್ಸಿಜನ್ ಬಿಡುವ ಪೆಟ್ಟಿಗೆ. ಕೊರೋನಾ ಕಾಲದಲ್ಲಿ ನಮ್ಮವರೆಲ್ಲ ನೋಡಿದ್ದಾರೆ. ಇನ್ನೊಂದು ಪಲ್ಸ್ ಆಕ್ಸಿಮೀಟರ್. ಬೆರಳಿಗೆ ಸಿಕ್ಕಿಸುವ ಆ ಚಿಮಟದ ಹಿಂದಿನ ವಿದ್ಯೆ ಜಪಾನಿನ ಟಕುವೊ ಅಯೋಯಾಗಿ ಅವರದು, 1974ರದು. ಮಗುವಿನ ತುಟಿ ನೀಲಿಯಾಗಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ಹೇಳುವುದು ಕಷ್ಟ. ನಮ್ಮ ಬಣ್ಣಕ್ಕೆ ಇನ್ನೂ ಕಷ್ಟ, ರಕ್ತ ಕಮ್ಮಿ ಇರುವ ಮಗುವಿನಲ್ಲಂತೂ ಗೊತ್ತೇ ಆಗುವುದಿಲ್ಲ. ಯಂತ್ರ 90ಕ್ಕಿಂತ ಕೆಳಗೆ ತೋರಿಸಿದರೆ ಆಕ್ಸಿಜನ್ ಕೊಡು. ಅಷ್ಟೇ ನಿಯಮ.

2008ರಲ್ಲಿ ಫಲಿತಾಂಶ ಪ್ರಕಟವಾಯಿತು. ನ್ಯುಮೋನಿಯಾ ಆಗಿ ದಾಖಲಾದ ಮಕ್ಕಳಲ್ಲಿ ಮೊದಲು ನೂರಕ್ಕೆ 4.97 ಸಾಯುತ್ತಿದ್ದರು. ಆಮೇಲೆ 3.22. ಸಾವು ಮೂರರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿಯೇ ಇಳಿಯಿತು. ಖರ್ಚು ಒಂದು ಮಗುವಿಗೆ 51 ಡಾಲರ್. ಆಗಿನ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿ ಚಿಲ್ಲರೆ. ಒಂದು ಜೀವ ಉಳಿಸಲು 1,673 ಡಾಲರ್. ಎಪ್ಪತ್ತು ಸಾವಿರದ ಆಸುಪಾಸು ಅಂತಿಟ್ಟುಕೊಳ್ಳಿ.

ಆರೋಗ್ಯದ ಲೆಕ್ಕ ಹಾಕುವವರು ಇನ್ನೊಂದು ಅಳತೆ ಇಟ್ಟುಕೊಂಡಿದ್ದಾರೆ. ಮನುಷ್ಯನ ಬಾಳಿನಲ್ಲಿ ಒಂದು ಆರೋಗ್ಯದ ವರ್ಷ ಉಳಿಸಲು ಎಷ್ಟು ಬೀಳುತ್ತದೆ ಅಂತ. ಪಪುವಾದಲ್ಲಿ ಅದು 50 ಡಾಲರ್. ಇದು ಯಾಕಿಷ್ಟು ಅಗ್ಗ ಅಂದರೆ, ಉಳಿದದ್ದು ಮಗು. ಒಂದು ವರ್ಷದ ಕೂಸನ್ನು ಉಳಿಸಿದರೆ ಮುಂದೆ ಅರವತ್ತು ಎಪ್ಪತ್ತು ವರ್ಷ ಇದೆ. ನನ್ನಂಥವನನ್ನು ಉಳಿಸಿದರೆ ಎಷ್ಟು ಸಿಕ್ಕೀತು! ಈ ಅಧ್ಯಯನಕ್ಕೆ ಒಂದು ಕುಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಇದು ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅನ್ನುವ ಹೋಲಿಕೆ. ನಡುವೆ ಬೇರೇನಾದರೂ ಬದಲಾಗಿದ್ದರೆ ಅದರ ಪುಣ್ಯವೂ ಇದಕ್ಕೇ ಜಮೆ ಆಗಿರಬಹುದು.

ಆ ಕುಂದು ಇಲ್ಲದ ಹಾಗೆ ಕೀನ್ಯಾದಲ್ಲಿ ಮಾಡಿದರು. ಎಂಟು ಜಿಲ್ಲಾ ಆಸ್ಪತ್ರೆ ತೆಗೆದುಕೊಂಡು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ನಾಲ್ಕಕ್ಕೆ ಚಿಕಿತ್ಸೆಯ ಪುಸ್ತಕ ಕೊಟ್ಟು, ಒಂದೂವರೆ ದಿನದ ಭಾಷಣ ಮಾಡಿ ಬಂದರು. ನಮ್ಮಲ್ಲಿ ನಡೆಯುವ ತರಬೇತಿ ಶಿಬಿರದ ಹಾಗೇ, ಊಟದ ವ್ಯವಸ್ಥೆ ಸಹಿತ ಅಂತ ಕಾಣುತ್ತದೆ. ಇನ್ನು ನಾಲ್ಕಕ್ಕೆ ಐದೂವರೆ ದಿನ ಕೈ ಹಿಡಿದು ಕಲಿಸಿದರು. ಆಮೇಲೂ ಬಿಡಲಿಲ್ಲ. ಆಗಾಗ ಹೋಗಿ ನೋಡಿದರು, ಎಲ್ಲಿ ತಪ್ಪಾಗುತ್ತಿದೆ ಅಂತ ಕೂತು ಮಾತಾಡಿದರು. ಆಸ್ಪತ್ರೆಯ ಒಳಗಿನವರನ್ನೇ ಒಬ್ಬರನ್ನು ಇದರ ಬೆನ್ನಿಗೆ ನಿಲ್ಲಿಸಿದರು. ಒಂದೂವರೆ ವರ್ಷ ಹೀಗೆ ನಡೆಯಿತು. ಎರಡನೇ ಗುಂಪು ಸ್ಪಷ್ಟವಾಗಿ ಮುಂದೆ ಹೋಯಿತು. ಸರಿಯಾಗಿ ಪರೀಕ್ಷೆ ಮಾಡುವುದು, ಸರಿಯಾದ ಪ್ರಮಾಣದಲ್ಲಿ ಔಷಧಿ ಬರೆಯುವುದು, ಇಂಥವುಗಳಲ್ಲಿ.

2012ರಲ್ಲಿ ಇದರ ಖರ್ಚಿನ ಲೆಕ್ಕ ಬಂತು. ದೇಶಕ್ಕೆಲ್ಲ ಹರಡಿದರೆ 36 ಲಕ್ಷ ಡಾಲರ್ ಬೇಕು. ಕೀನ್ಯಾ ಮಕ್ಕಳ ಆರೋಗ್ಯಕ್ಕೆ ವರ್ಷಕ್ಕೆ ಇಡುವ ಹಣದಲ್ಲಿ ಅದು ನೂರಕ್ಕೆ 0.6 ಮಾತ್ರ. ಸಾವು ಎಷ್ಟು ಇಳಿಯಿತು ಅಂತ ಈ ಪ್ರಯೋಗ ಅಳೆದಿರಲಿಲ್ಲ. ಹಾಗಾಗಿ ಅವರು ಅಂದಾಜು ಮಾಡಿದರು. ಆಸ್ಪತ್ರೆಯ ಸಾವು ನೂರಕ್ಕೆ ಹತ್ತರಷ್ಟು ಇಳಿದರೆ ಒಂದು ಆರೋಗ್ಯದ ವರ್ಷಕ್ಕೆ 40 ಡಾಲರ್, ಬರೀ ಒಂದರಷ್ಟು ಇಳಿದರೂ 400ರೊಳಗೆ. ಕೊನೆಯದನ್ನೇ ಹಿಡಿದರೂ ಅಲ್ಲಿನ ಒಬ್ಬ ಮನುಷ್ಯನ ವರ್ಷದ ಸರಾಸರಿ ಆದಾಯಕ್ಕಿಂತ ಕಮ್ಮಿ. ಹುಣಸೆಹಣ್ಣು ಪೂರ್ತಿ ಹೊಳೆ ಪಾಲಾಗಲಿಲ್ಲ, ಮೇಷ್ಟ್ರೇ.

ಬಾಂಗ್ಲಾದೇಶದ ಶಾಂಪೂ ಬಾಟಲಿಯ ಕತೆ ನಿಮ್ಮ ಹುಡುಗರಿಗೆ ಹೇಳಿ. ಢಾಕಾದ ಡಾಕ್ಟರ್ ಜೊಬಾಯರ್ ಚಿಸ್ತಿ ಅವರು ಖಾಲಿ ಶಾಂಪೂ ಬಾಟಲಿಗೆ ನೀರು ತುಂಬಿ, ಆಕ್ಸಿಜನ್ ನಳಿಗೆಯ ಇನ್ನೊಂದು ತುದಿಯನ್ನು ಅದರಲ್ಲಿ ಮುಳುಗಿಸಿದರು. ಮಗು ಉಸಿರು ಬಿಟ್ಟಾಗ ಗುಳ್ಳೆ ಏಳುತ್ತದೆ, ನೀರಿನ ಒತ್ತಡಕ್ಕೆ ಶ್ವಾಸಕೋಶ ಮುಚ್ಚಿಕೊಳ್ಳದೆ ತೆರೆದೇ ಇರುತ್ತದೆ. 2015ರಲ್ಲಿ ಬಂದ ಅವರ ವರದಿಯಲ್ಲಿ ಈ ಬಾಟಲಿ ಹಾಕಿದ ನ್ಯುಮೋನಿಯಾ ಮಕ್ಕಳಲ್ಲಿ ನೂರಕ್ಕೆ 4 ಸತ್ತಿದ್ದರು, ಮಾಮೂಲಿ ಆಕ್ಸಿಜನ್ ಕೊಟ್ಟವರಲ್ಲಿ 15. ಪಕ್ಕದಲ್ಲಿ ನುರಿತ ಡಾಕ್ಟರು, ನರ್ಸು ಇದ್ದ ಆಸ್ಪತ್ರೆ ಅದು, ಮರೆಯಬೇಡಿ. ನಾಳೆ ಯಾರೂ ಮನೆಯಲ್ಲಿ ಬಾಟಲಿ ತೊಳೆಯಲು ಕೂರುವುದು ಬೇಡ.

ಜಾಸ್ತಿ ಮಾಡಿದ್ದೆಲ್ಲ ಒಳ್ಳೆಯದೂ ಅಲ್ಲ. ಜ್ವರ ಬಂದು ರಕ್ತ ಸಂಚಾರ ಕುಸಿದ ಮಕ್ಕಳಿಗೆ ಒಂದೇ ಸಲಕ್ಕೆ ಬೇಗ ಬೇಗ ಡ್ರಿಪ್ ಏರಿಸುವುದು ಶ್ರೀಮಂತ ದೇಶಗಳ ಪದ್ಧತಿ. ಉಗಾಂಡ, ಕೀನ್ಯಾ, ತಾಂಜಾನಿಯಾದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದಾಗ, ಏರಿಸಿದವರಲ್ಲೇ ಸಾವು ಜಾಸ್ತಿ ಕಂಡಿತು. ಅದು 2011ರ ಮಾತು. ಎಲ್ಲರೂ ಬೆಚ್ಚಿಬಿದ್ದಿದ್ದರು. ಹಾಗಾಗಿ ಸುಧಾರಣೆ ಅಂದರೆ ದೊಡ್ಡ ಆಸ್ಪತ್ರೆಯದನ್ನು ಸಣ್ಣದಕ್ಕೆ ತಂದು ಸುರಿಯುವುದು ಅಂತಲ್ಲ.

ಮುಂಜಾಗ್ರತೆಯ ವಿಷಯದಲ್ಲಿ ನಿಮ್ಮ ಜೊತೆ ನನ್ನ ಜಗಳ ಇಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಅನ್ನುವ ಡಾಕ್ಟರ್ ದಂಪತಿ ಹಳ್ಳಿಯ ಹೆಂಗಸರಿಗೇ ಕಲಿಸಿ, ಮನೆ ಮನೆಗೆ ಕಳಿಸಿ, ಹಸುಗೂಸುಗಳ ಸಾವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ನಮ್ಮ ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ ಬರುವುದರ ಬೇರು ಅಲ್ಲಿದೆ. ಆದರೆ ನಮ್ಮ ರಾಜ್ಯದ ಸ್ಥಿತಿ ನೋಡಿ. 2020ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 19 ಮಕ್ಕಳು ವರ್ಷ ತುಂಬುವುದರೊಳಗೆ ಸತ್ತಿವೆ. ದೇಶದ ಸರಾಸರಿ ಆಗ 28. ಲಸಿಕೆ, ನೀರು, ಊಟದಿಂದ ಉಳಿಸಬಹುದಾದವರಲ್ಲಿ ಬಹಳ ಮಂದಿಯನ್ನು ಈಗಾಗಲೇ ಉಳಿಸಿಯಾಗಿದೆ. ಈಗ ಸಾಯುತ್ತಿರುವವರಲ್ಲಿ ಹೆಚ್ಚಿನವು ಒಂದು ತಿಂಗಳೂ ತುಂಬದ ಕೂಸುಗಳು. ದಿನ ತುಂಬದೆ ಹುಟ್ಟಿದ್ದು, ಹುಟ್ಟುವಾಗ ಉಸಿರು ಕಟ್ಟಿದ್ದು, ನಂಜಾದದ್ದು. ಎರಡು ದಿನದ ಕೂಸಿಗೆ ಮೊಟ್ಟೆ, ಹಾಲು ಏನು ಮಾಡೀತು?

ಇನ್ನೊಂದು ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ನಮ್ಮ ಅಮ್ಮನ ಕಾಲದಲ್ಲಿ ಸೂಲಗಿತ್ತಿ ಮನೆಗೆ ಬರುತ್ತಿದ್ದಳು. ಈಗ ಕೂಸು ಕಣ್ಣು ಬಿಡುವುದೇ ಆಸ್ಪತ್ರೆಯ ಗೋಡೆಯೊಳಗೆ. 108ಕ್ಕೆ ಫೋನು ಮಾಡಿ, ಆಂಬುಲೆನ್ಸ್ ಕಳಿಸಿ, ಆಶಾ ಬೆನ್ನು ಹತ್ತಿ, ಅಷ್ಟು ಖರ್ಚು ಮಾಡಿ ತಾಯಿಯನ್ನು ಬಾಗಿಲು ದಾಟಿಸಿದ್ದೇವೆ. ದಾಟಿದ ಮೇಲೆ ಒಳಗಿನದು ಸರಿ ಇಲ್ಲದಿದ್ದರೆ ತರಲು ಮಾಡಿದ ಖರ್ಚೂ ದಂಡವಾಯಿತು. ನಾನು ಹೇಳಬೇಕೆಂದಿದ್ದು ಇದನ್ನೇ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತೇವಲ್ಲ, ಅಂಥ ಕೆಲಸ ಇದು. ಹೊಸ ಮನೆ ಕಟ್ಟುವುದಲ್ಲ. ಒಡೆದ ನಾಲ್ಕು ಹಂಚು ಬದಲಿಸುವುದು, ಸರಿದದ್ದನ್ನು ಸರಿಗೂಡಿಸುವುದು. ಇಡೀ ಮನೆಯ ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ. ಮಾಡದಿದ್ದರೆ ಅಟ್ಟದ ಅಡಿಕೆಯೆಲ್ಲ ಒದ್ದೆ.

ಮಲೆನಾಡಿನ ತೊಡಕುಗಳನ್ನು ಮಾತ್ರ ಯಾವ ದೇಶದ ಲೆಕ್ಕವೂ ನಮಗೆ ಮಾಡಿಕೊಡುವುದಿಲ್ಲ. ಒಂದು ದೂರ. ತುಮರಿ ಕಡೆಯವರು ಅರ್ಧ ಶತಮಾನ ಶರಾವತಿ ಹಿನ್ನೀರಿನ ಲಾಂಚಿಗೆ ಕಾದರು. ಸಂಜೆ ಲಾಂಚು ನಿಂತ ಮೇಲೆ ಕೂಸಿಗೆ ಜ್ವರ ಬಂದರೆ ಬೆಳಗಾಗಬೇಕು, ಇಲ್ಲವೇ ದೂರದ ಸುತ್ತುದಾರಿ. ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ. ನನ್ನನ್ನು ಕೇಳಿದರೆ ಅದೂ ಮಕ್ಕಳ ಆಸ್ಪತ್ರೆಯ ಖರ್ಚಿನಲ್ಲಿ ಒಂದು ಪಾಲು. ಇನ್ನೊಂದು ಕರೆಂಟು. ಲಿಂಗನಮಕ್ಕಿ ನಮ್ಮ ಜಿಲ್ಲೆಯಲ್ಲೇ ಇದೆ, ಊರಿಗೆಲ್ಲ ಬೆಳಕು ಕೊಡುತ್ತದೆ. ಆದರೆ ಪುನರ್ವಸು ಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ನಮಗೆ ಮೂರು ದಿನ ಬುಡ್ಡಿದೀಪ. ಕಾನ್ಸಂಟ್ರೇಟರ್ ಕರೆಂಟಿಲ್ಲದೆ ನಡೆಯುವ ಯಂತ್ರ ಅಲ್ಲ. ಅದನ್ನು ಕೊಟ್ಟು ಬ್ಯಾಟರಿ ಕೊಡದಿದ್ದರೆ ಜುಲೈನಲ್ಲಿ ಅದು ಮೇಜು.

ಮತ್ತೆ ಮನೆಯವರ ಖರ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿನ ಚಿಕಿತ್ಸೆ, ಓಡಾಟ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಪುಕ್ಕಟೆ. ಬಾಣಂತಿ, ಕೂಸನ್ನು ಮನೆ ಮುಟ್ಟಿಸಲು ನಗು-ಮಗು ವಾಹನ ಇದೆ. ಆದರೂ ಜೊತೆಗೆ ಹೋದವನ ಕೂಲಿ, ಹೋಟೆಲು ಊಟ, ಮನೆಯಲ್ಲಿ ಕರೆಯದೆ ಬಿಟ್ಟ ಎಮ್ಮೆ, ಇದನ್ನೆಲ್ಲ ಯಾರು ಬರೆಯುತ್ತಾರೆ? ಆಸ್ಪತ್ರೆಯಲ್ಲಿ ಸರಿಯಾದ ಔಷಧಿ ಮೊದಲ ದಿನವೇ ಸಿಕ್ಕಿ, ಐದು ದಿನದ ಬದಲು ಮೂರು ದಿನಕ್ಕೆ ಮನೆಗೆ ಬಂದರೆ ಉಳಿಯುವ ದುಡ್ಡು ಸರ್ಕಾರದ್ದಲ್ಲ, ಅವರದು.

ಈಗ ನಿಮ್ಮ ಮೂರು ಲಕ್ಷ. ವೆಂಟಿಲೇಟರ್ ಬೇಡ. ಮಗುವನ್ನು ಅದರ ಮೇಲೆ ಹಾಕಿದರೆ ಹಗಲು ರಾತ್ರಿ ಪಕ್ಕದಲ್ಲಿ ಕಲಿತವರು ಇರಬೇಕು. ಅಂಥ ಮಗು ಶಿವಮೊಗ್ಗಕ್ಕೇ ಹೋಗಬೇಕು. ಇಲ್ಲಿ ಮಾಡಬೇಕಾದದ್ದು ಶಿವಮೊಗ್ಗ ಮುಟ್ಟುವವರೆಗೆ ಮಗು ಬೆಚ್ಚಗಿದ್ದು ಉಸಿರಾಡುವ ಹಾಗೆ ನೋಡಿಕೊಳ್ಳುವುದು. ಮೊದಲು ಒಂದು ದಿನ ಸುಮ್ನೆ ವಾರ್ಡಿಗೆ ಹೋಗಿ ಕೂತು ಬನ್ನಿ. ಸಿಸ್ಟರುಗಳನ್ನು ಕೇಳಿ, ಡಾಕ್ಟರನ್ನು ಆಮೇಲೆ ಕೇಳಿ. ಆರೋಗ್ಯ ರಕ್ಷಾ ಸಮಿತಿಯ ಮೂಲಕವೇ ಕೊಡಿ, ಇಲ್ಲದಿದ್ದರೆ ನಾಳೆ ರಿಪೇರಿಗೆ ಯಾರೂ ಸಿಗುವುದಿಲ್ಲ. ಮೂರು ಲಕ್ಷವನ್ನೂ ಸಾಮಾನಿಗೆ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಬ್ಯಾಂಕಿನಲ್ಲಿ ಇಡಿ. ಬ್ಯಾಟರಿ ಸಾಯುತ್ತದೆ, ಫಿಲ್ಟರ್ ಕಟ್ಟುತ್ತದೆ, ವೈರು ಇಲಿ ಕಡಿಯುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲಿಗೆ ಬರುವುದು ಕರೆಂಟು ಹೋದರೂ ನಡೆಯುವ ವ್ಯವಸ್ಥೆಯ ಜೊತೆಗೆ ಒಂದು ಕಾನ್ಸಂಟ್ರೇಟರ್. ಆಮೇಲೆ ಚೀಟಿ ಕೊಡುವ ಕಿಟಕಿಯ ಪಕ್ಕ ಸೆಕೆಂಡ್ ಮುಳ್ಳಿರುವ ದೊಡ್ಡ ಗಡಿಯಾರ. ಅದರ ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಉಸಿರು, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಲು ಬಿಟ್ಟು ಒಳಗೆ ಬನ್ನಿ. ಪಕ್ಕೆ ಒಳಗೆ ಹೋಗುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸಲೂ ನಿಲ್ಲಬೇಡಿ.

ಮತ್ತೆ ಬಾಣಂತಿಯರಿಗೆ ಒರಗಿ ಕೂರುವ ನಾಲ್ಕು ಕುರ್ಚಿ. ನಗಬೇಡಿ. ತೂಕ ಕಮ್ಮಿ ಇರುವ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ಪ್ರಯೋಗ ದೆಹಲಿಯ ಸಫ್ದರ್‌ಜಂಗ್ ಮತ್ತು ಆಫ್ರಿಕಾದ ನಾಲ್ಕು ಆಸ್ಪತ್ರೆಗಳಲ್ಲಿ ನಡೆಯಿತು. 2021ರಲ್ಲಿ ಫಲಿತಾಂಶ ಬಂತು. ಮಾಮೂಲಿ ಪದ್ಧತಿಯಲ್ಲಿ ಮೊದಲ ತಿಂಗಳಲ್ಲಿ ನೂರಕ್ಕೆ 15.7 ಕೂಸು ಸತ್ತರೆ, ಹೀಗೆ ಕಟ್ಟಿಕೊಂಡವರಲ್ಲಿ 12. ಆದರೆ ಅಮ್ಮ ದಿನವಿಡೀ ಹಾಗೇ ಇರಬೇಕು. ಕಬ್ಬಿಣದ ಸ್ಟೂಲಿನ ಮೇಲೆ ಹೊಲಿಗೆ ಹಾಕಿಸಿಕೊಂಡ ಬಾಣಂತಿ ಎಷ್ಟು ಹೊತ್ತು ಕೂತಾಳು?

ಕೊನೆಗೆ ಪಲ್ಸ್ ಆಕ್ಸಿಮೀಟರ್. ಸಾಗರದಲ್ಲೋ ಶಿವಮೊಗ್ಗದಲ್ಲೋ ಅಂಗಡಿಗೆ ಹೋದಾಗ ಕೊರೋನಾ ಕಾಲದ ಚಿಮಟಗಳನ್ನೇ ಅಗ್ಗಕ್ಕೆ ಕಟ್ಟಿಕೊಡುತ್ತಾರೆ. ಅವು ದೊಡ್ಡವರ ಬೆರಳಿನವು, ಕೂಸಿನ ಬೆರಳಿಗೆ ನಿಲ್ಲುವುದಿಲ್ಲ, ನಿಂತರೂ ಸುಳ್ಳು ಹೇಳುತ್ತವೆ. ಹಸುಗೂಸಿನ ಪಾದಕ್ಕೆ ಸುತ್ತುವ ಪಟ್ಟಿ ಬೇರೆ ಬರುತ್ತದೆ. ಅದನ್ನು ಕೇಳಿ ಎರಡು ಜಾಸ್ತಿ ತೆಗೆದುಕೊಳ್ಳಿ. ಒಂದು ಹಾಳಾದಾಗ ಇನ್ನೊಂದು ಬೇಕು. ಬೀರುವಿನ ಹೊರಗೆ ಇಡಲು ಹೇಳಿ.